ಎರಡು ನಾಣ್ಯಗಳ ದಪ್ಪ

ಬೆಂಗಳೂರಿನ ಕೆ.ಆರ್. ಪುರದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರು ಒಮ್ಮೆಯಾದರೂ ತಲೆಯೆತ್ತಿ ತೂಗುಸೇತುವೆಯ ಹಗ್ಗಗಳನ್ನು ನೋಡಿರುತ್ತೀರಿ. ರೈಲುಹಳಿಯ ಮೇಲೆ 2003ರಿಂದ ಅವು ಭಾರ ಹೊತ್ತು ನಿಂತಿವೆ. ಆ ಸೇತುವೆ ಬೆಳೆಯುವುದಿಲ್ಲ. ಬೆಳೆಯುತ್ತಿರುವ ಹುಡುಗಿಯ ಬೆನ್ನುಮೂಳೆಗೆ ಹಗ್ಗ ಕಟ್ಟುವುದು ಬೇರೆಯೇ ಮಾತು.

ಬೆನ್ನು 50 ಡಿಗ್ರಿ ಪಕ್ಕಕ್ಕೆ ಬಾಗಿದೆ ಎಂದರೆ ಹೆತ್ತವರ ಎದೆ ಧಸಕ್ಕೆನ್ನುತ್ತದೆ. ಆದರೆ ಆ ಬಾಗು ಬೆನ್ನಿನ ಏಳು ಮೂಳೆಗಳಿಗೆ, ಅಂದರೆ ಕಶೇರುಗಳಿಗೆ, ಹಂಚಿಹೋಗಿದ್ದರೆ ಒಂದೊಂದರ ಪಾಲು ಸುಮಾರು 7 ಡಿಗ್ರಿ. ಎದೆಭಾಗದ ಕಶೇರು ಸುಮಾರು 3 ಸೆಂ.ಮೀ. ಅಗಲ. ಅಷ್ಟಗಲದಲ್ಲಿ 7 ಡಿಗ್ರಿ ವಾಲಲು ಎಡಬಲಗಳ ಎತ್ತರದಲ್ಲಿ 4 ಮಿ.ಮೀ. ವ್ಯತ್ಯಾಸವೂ ಬೇಕಿಲ್ಲ. ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು!

ಇನ್ನೊಂದು ಲೆಕ್ಕ. ಎದೆಭಾಗದ 12 ಕಶೇರುಗಳ ಸಾಲು ಹುಟ್ಟಿದಾಗ 11 ಸೆಂ.ಮೀ., ಹತ್ತನೇ ವಯಸ್ಸಿಗೆ 22, ಬೆಳವಣಿಗೆ ಮುಗಿದಾಗ 26ರಿಂದ 28. ಹತ್ತು ದಾಟಿದ ಮಗುವಿಗೆ ಉಳಿದಿರುವುದು 4ರಿಂದ 6 ಸೆಂ.ಮೀ.; 12ರಿಂದ ಭಾಗಿಸಿದರೆ ಒಂದೊಂದಕ್ಕೆ 3ರಿಂದ 5 ಮಿ.ಮೀ. ಸೊಟ್ಟಗಾಗಲು ಸಾಕಾದಷ್ಟೇ ನೆಟ್ಟಗಾಗಲೂ ಉಳಿದಿದೆ. ಈ ಎರಡು ಸಂಖ್ಯೆಗಳು ಎದುರುಬದುರಾದಾಗ ನಂಬಲಾಗದೆ ನಾನು ಮತ್ತೊಮ್ಮೆ ಲೆಕ್ಕ ಮಾಡಿದೆ.

ಕಶೇರುಗಳ ಬೆಸುಗೆಯಿಲ್ಲದ ಶಸ್ತ್ರಚಿಕಿತ್ಸೆ ನಿಂತಿರುವುದು ಈ ಉಳಿಕೆಯ ಮೇಲೆ. ಅಮೆರಿಕದ ವೈದ್ಯ ಹ್ಯಾರಿಂಗ್ಟನ್ 1960ರ ದಶಕದಲ್ಲಿ ಜನಪ್ರಿಯಗೊಳಿಸಿದ ದಾರಿಯಲ್ಲಿ ಕಂಬಿ ಹಾಕಿ ಕಶೇರುಗಳನ್ನು ಬೆಸೆಯುತ್ತಾರೆ. ಬೆನ್ನು ನೆಟ್ಟಗಾಗುತ್ತದೆ, ಆ ಭಾಗ ಮತ್ತೆ ಬಾಗದು, ಬೆಳೆಯದು. ಹೊಸ ದಾರಿಯಲ್ಲಿ ಪಕ್ಕೆಲುಬುಗಳ ನಡುವಿನ ಸಣ್ಣ ರಂಧ್ರಗಳಿಂದ ಒಳಹೊಕ್ಕು, ಬಾಗು ಉಬ್ಬಿದ ಕಡೆ ಕಶೇರಿಗೊಂದು ಸ್ಕ್ರೂ ಕೂರಿಸಿ, ಪಾಲಿಯೆಸ್ಟರ್ ದಾರ ಬಿಗಿಯುತ್ತಾರೆ. ಒಂದಷ್ಟು ಬಾಗು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಇಳಿಯುತ್ತದೆ. ಆಮೇಲೆ ಒತ್ತಡ ಬಿದ್ದ ಕಡೆ ಮೂಳೆ ನಿಧಾನ, ಬೀಳದ ಕಡೆ ಬೇಗ ಬೆಳೆಯುತ್ತದೆ. ಈ ನಿಯಮವನ್ನು ಹ್ಯೂಟರ್, ಫೋಲ್ಕ್‌ಮನ್ ಎಂಬ ಜರ್ಮನ್ ವೈದ್ಯರು 1862ರಲ್ಲೇ ಹೇಳಿದ್ದರು. ನಮ್ಮ ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ರೈಲು ಬಂದದ್ದೇ 1864ರಲ್ಲಿ.

2010ರಲ್ಲಿ ಪ್ರಕಟವಾದ ವರದಿಯೊಂದರಲ್ಲಿ ಎಂಟು ದಾಟಿದ ಹುಡುಗನ 40 ಡಿಗ್ರಿ ಬಾಗು ನಾಲ್ಕು ವರ್ಷಗಳಲ್ಲಿ 6ಕ್ಕೆ ಇಳಿದಿತ್ತು. 2019ರಲ್ಲಿ ಅಮೆರಿಕ ಈ ದಾರಕ್ಕೆ ಅನುಮತಿ ಕೊಟ್ಟಾಗ ಆಧಾರವಾಗಿದ್ದ ಅಧ್ಯಯನದಲ್ಲಿದ್ದವರು ಬರೀ 57 ಮಂದಿ. ಆದ್ದರಿಂದ ಇದನ್ನು ಪವಾಡವೆಂದು ಮಾರುವವರ ಮಾತು ಕೇಳಬೇಡಿ. ದಾರ ಹರಿಯಬಹುದು, ತೀರಾ ಬೇಗ ಕಟ್ಟಿದರೆ ಬೆನ್ನು ಆಚೆಗೇ ಬಾಗಬಹುದು, ಬೆಳವಣಿಗೆ ಮುಗಿಯುತ್ತ ಬಂದಿದ್ದರೆ ದಾರಕ್ಕೆ ಮಾಡಲು ಕೆಲಸವೇ ಇರದು. ದಂಡು ನಿಲ್ದಾಣದಲ್ಲಿ ರೈಲು ಹತ್ತಿದರೆ ಸಿಗುವ ಚೆನ್ನೈನ ಅಪೋಲೊ ಆಸ್ಪತ್ರೆಯಲ್ಲಿ ಡಾ. ಸಾಜನ್ ಹೆಗ್ಡೆ ಬೆಸುಗೆಯಿಲ್ಲದ ಈ ಬಗೆಯ ಶಸ್ತ್ರಚಿಕಿತ್ಸೆ ಮಾಡಿದ್ದಾರೆ.

ಸಾವಿರ ಮಕ್ಕಳ ಶಾಲೆಯಲ್ಲಿ 20ರಿಂದ 30 ಮಂದಿಗೆ 10 ಡಿಗ್ರಿ ಮೀರಿದ ಬಾಗು ಇರುತ್ತದೆ. 40 ದಾಟುವುದು ಸುಮಾರು ಒಬ್ಬರಿಗೆ. ಬಾಗು ದೊಡ್ಡದಾದಷ್ಟೂ ಅಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಹಲವರಿಗೆ ನೋವಿರುವುದಿಲ್ಲ, ಹಾಗಾಗಿ ಮಗು ಹೇಳುವುದಿಲ್ಲ. ಶಿವಾಜಿನಗರದಲ್ಲಿ ಯೂನಿಫಾರ್ಮಿನ ಅಳತೆ ತೆಗೆಯುವ ದರ್ಜಿ, 'ಒಂದು ಭುಜ ಮೇಲಿದೆಯಲ್ಲಮ್ಮ' ಎಂದರೆ ಬೇಸರಿಸಬೇಡಿ. ಮನೆಗೆ ಬಂದು ಮಗಳನ್ನು ಮುಂದಕ್ಕೆ ಬಗ್ಗಿಸಿ ಹಿಂದಿನಿಂದ ನೋಡಿ. ಪಕ್ಕೆಲುಬು ಒಂದೇ ಕಡೆ ಉಬ್ಬಿದ್ದರೆ ಎಕ್ಸ್-ರೇ ತೆಗೆಸಿ, ಆ ವಾರವೇ.

ಬೆಳವಣಿಗೆ ಮುಗಿದ ಮೇಲೆ ದಾರ ಹರಿದರೂ ಎಷ್ಟೋ ಮಕ್ಕಳಲ್ಲಿ ಬೆನ್ನು ಹಾಗೆಯೇ ನಿಲ್ಲುತ್ತದೆ. ಅಷ್ಟರಲ್ಲಿ ಮೂಳೆಯೇ ಆಕಾರ ಬದಲಿಸಿಕೊಂಡಿರುತ್ತದೆ.