ನಳಿಗೆಯೊಳಗಿನ ಬೆಳಕು

ಕಳ್ಳಂಬೆಳ್ಳ ಕೆರೆಯ ಏರಿ ಮೇಲೆ ನಸುಕಿಗೇ ಹುಡುಗರ ಓಟ ಶುರುವಾಗುತ್ತದೆ. ದೂರದಲ್ಲಿ ಶಿರಾ ಕಡೆಗೆ ಹೋಗುವ ಲಾರಿಗಳ ಸದ್ದು. ಹೇಮಾವತಿ ನೀರು ಬಿಟ್ಟ ವರ್ಷ ತುಂಬಿ, ಬಿಡದ ವರ್ಷ ಬಳಲುವ ಕೆರೆ ಇದು. ತೂಬಿನ ಹತ್ತಿರದ ಕಲ್ಲಿನ ಮೇಲೆ ಒಬ್ಬರು ನೆಟ್ಟಗೆ ನಿಂತಿರುತ್ತಾರೆ. ಮೊಣಕೈಗೆ ತೇಪೆ ಇರುವ ಹಸಿರು ಜರ್ಸಿ, ತಲೆಗೆ ಮಫ್ಲರ್, ಕೈಯಲ್ಲಿ ಸ್ಟಾಪ್‌ವಾಚು. ಅಗ್ನಿವೀರ ಭರ್ತಿಗೆ ಹೋಗಲಿರುವ ಹುಡುಗರು 1600 ಮೀಟರ್ ಓಡಬೇಕು, 9 ಅಡಿ ಹಳ್ಳ ಜಿಗಿಯಬೇಕು, ಕಂಬಿಗೆ ಜೋತು ಮೈ ಎಳೆಯಬೇಕು. ಅದಕ್ಕೆಲ್ಲ ಇಲ್ಲಿ ಕೋಚಿಂಗ್ ಸೆಂಟರ್ ಇಲ್ಲ, ಮಿಲ್ಟ್ರಿ ಮಾವ ಇದ್ದಾರೆ. ಹೆಸರು ಹಿಡಿದು ಕರೆಯುವವರು ಊರಲ್ಲಿ ಕಡಿಮೆ. ಹಿರಿಯರಿಗೆ ಅವರು ಹವಾಲ್ದಾರ್ರು, ಉಳಿದವರಿಗೆಲ್ಲ ಮಿಲ್ಟ್ರಿ ಮಾವ.

1986ರಲ್ಲಿ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ಸೇರಿದವರು. 1780ರಿಂದ ನಡೆದುಬಂದಿರುವ ಪಡೆ ಅದು. ಅಲ್ಲಿಯ ಸೈನಿಕರನ್ನು ಇಡೀ ಸೇನೆ 'ತಂಬಿ' ಅಂತಲೇ ಕರೆಯುತ್ತದೆ. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ನೆಲಬಾಂಬು ಹೂಳುವುದು, ಹೂತದ್ದನ್ನು ತೆಗೆಯುವುದು ತಂಬಿಗಳ ಕೆಲಸ. ಇಪ್ಪತ್ನಾಲ್ಕು ವರ್ಷ ಆ ಕೆಲಸ ಮಾಡಿ 2010ರಲ್ಲಿ ಹವಾಲ್ದಾರರಾಗಿ ಮನೆಗೆ ಬಂದರು. ಆಮೇಲೆ ಕೆಲವು ವರ್ಷ ಬ್ಯಾಂಕೊಂದರಲ್ಲಿ ಗನ್‌ಮ್ಯಾನ್. ಈಗ ಪೂರ್ತಿ ಕಡ್ಲೆಕಾಯಿ, ರಾಗಿ, ಒಂದಿಷ್ಟು ಅಡಿಕೆ.

ಅವರ ಮನೆಯ ಪಡಸಾಲೆಯಲ್ಲಿ ಒಂದು ಕಪ್ಪು ಕಬ್ಬಿಣದ ಟ್ರಂಕು ಇದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು. ರ‍್ಯಾಂಕಿನ ಜಾಗದಲ್ಲಿ ಬಣ್ಣ ಬಳಿದು ಬಳಿದು ದಪ್ಪಗಾಗಿದೆ. ಬಡ್ತಿ ಸಿಕ್ಕಾಗಲೆಲ್ಲ ಹಳೆಯದನ್ನು ಮುಚ್ಚಿ ಹೊಸದನ್ನು ಬರೆದ ಗುರುತು. ಒಳಗೆ ಒಂದರೊಳಗೊಂದು ಕೂರುವ ಮೆಸ್ ಟಿನ್ನುಗಳು, ಅಂಚು ಸವೆದ ಎನಾಮಲ್ ಮಗ್ಗು, ಸುತ್ತಿಟ್ಟ ಗ್ರೌಂಡ್‌ಶೀಟು, ಸೊಳ್ಳೆ ಪರದೆ. ಒಂದು ಬಟ್ಟೆಯ ಸುರುಳಿ ಬಿಚ್ಚಿದರೆ ಸೂಜಿ, ಖಾಕಿ ದಾರ, ಗುಂಡಿಗಳು. ಈ ಮನೆಯಲ್ಲಿ ಹರಿದ ಅಂಗಿಗೆ ಹೊಲಿಗೆ ಹಾಕುವವರು ಇವತ್ತಿಗೂ ಅವರೇ. ಗ್ರೌಂಡ್‌ಶೀಟು ಈಗ ಕಡ್ಲೆಕಾಯಿ ಒಣಹಾಕಲು, ಮೆಸ್ ಟಿನ್ನು ಹೊಲದಲ್ಲಿ ಟೀ ಕಾಸಲು. ಯಾವುದೂ ಕಪಾಟಿನ ವಸ್ತುವಾಗಿಲ್ಲ. ನನಗೆ ಆ ಟ್ರಂಕಿನ ಮೇಲೆ ಗೌರವ ಹುಟ್ಟಿದ್ದು ಅದಕ್ಕಾಗಿ.

ಟ್ರಂಕಿನಲ್ಲಿ ಇರದ, ಗೋಡೆಗೆ ಜಡಿದ ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿರುವ ವಸ್ತು ಬಂದೂಕು. ಡಬಲ್ ಬ್ಯಾರಲ್, 12 ಬೋರು. ಬ್ಯಾಂಕಿನ ಕೆಲಸಕ್ಕೆಂದು ಲೈಸೆನ್ಸ್ ಮಾಡಿಸಿ ಕೊಂಡದ್ದು. ನಳಿಗೆಯ ಅಳತೆಗೆ ಸರಿಯಾಗಿ ಕೂರುವ ಸೀಸದ ಗುಂಡುಗಳನ್ನು ಎರಕ ಹೊಯ್ದರೆ ಒಂದು ಪೌಂಡಿಗೆ ಹನ್ನೆರಡು ಆಗಬೇಕು. ಆ ಲೆಕ್ಕದಿಂದ 12 ಬೋರು ಎಂಬ ಹೆಸರು. ಪುಣೆ ಹತ್ತಿರದ ಖಡ್ಕಿ ಕಾರ್ಖಾನೆಯ ತೋಟಾ ಇದಕ್ಕೆ. ಒಂದು ತೋಟಾದೊಳಗೆ ನೂರಾರು ಚರೆ; ಹಾರಿದ ಮೇಲೆ ಹರಡಿಕೊಳ್ಳುತ್ತಾ ಹೋಗಿ ನಲವತ್ತು ಗಜ ದಾಟುವಷ್ಟರಲ್ಲಿ ಬಿಗಿ ಕಳೆದುಕೊಳ್ಳುತ್ತದೆ. ಸೈನ್ಯದಲ್ಲಿ ಅವರ ಕೈಗೆ ಬಂದದ್ದು ಬೇರೆ ಜಾತಿಯ ಆಯುಧಗಳು. ಸೇರಿದಾಗ ಈಶಾಪುರದ 7.62 ಎಸ್‌ಎಲ್‌ಆರ್ ರೈಫಲ್, ನಾಲ್ಕು ಕಿಲೋ ದಾಟಿದ ತೂಕ, ಹೆಗಲಿಗೆ ಗುದ್ದುವ ಒದೆತ. ತೊಂಬತ್ತರ ದಶಕದ ಕೊನೆಗೆ 5.56ರ ಇನ್ಸಾಸ್ ಬಂತು. ಎಸ್‌ಎಲ್‌ಆರ್ ಬಗ್ಗೆ ಮಾತು ಬಂದರೆ ಅವರ ಬಲಗೈ ತಾನಾಗಿ ಹೆಗಲ ಹಳ್ಳಕ್ಕೆ ಹೋಗುತ್ತದೆ.

ಬಂದೂಕು ಒರೆಸುವುದನ್ನು ನೋಡಬೇಕು. ತಿಂಗಳಿಗೊಮ್ಮೆ, ಬಿಸಿಲು ಪಡಸಾಲೆಯ ಅರ್ಧಕ್ಕೆ ಬಂದ ಹೊತ್ತಿಗೆ, ಹಳೆಯ ದುಪ್ಪಟಿ ಹಾಸಿ ಕೂರುತ್ತಾರೆ. ಮೊದಲು ಮೇಲಿನ ಕೀಲಿ ಹೆಬ್ಬೆರಳಿಂದ ಸರಿಸಿ ಬಂದೂಕನ್ನು ಮಡಚುತ್ತಾರೆ. ಎರಡು ಕೋಣೆಗಳಿಗೂ ಕಣ್ಣು ಹಾಯಿಸಿ, ಆಮೇಲೆ ಕಿರುಬೆರಳು ತೂರಿಸಿ ನೋಡುತ್ತಾರೆ. ನಿನ್ನೆ ತಾನೇ ಖಾಲಿ ಮಾಡಿ ಇಟ್ಟಿದ್ದರೂ ಅಷ್ಟೇ. "ಖಾಲಿ ಐತೆ ಅಂತ ಯಾರ್ ಹೇಳಿದ್ರೂ ನಂಬಬ್ಯಾಡ ಕಣಪ್ಪ. ನಾನೇ ಹೇಳಿದ್ರೂ ನಂಬಬ್ಯಾಡ. ಬೆರಳಿಗೆ ಗೊತ್ತಾಗ್ಬೇಕು" ಅನ್ನುತ್ತಾರೆ. ಆಮೇಲೆ ನಳಿಗೆ ಬೇರೆ, ಹಿಡಿ ಬೇರೆ. ನಳಿಗೆ ಒರೆಸಲು ಅಂಗಡಿಯಲ್ಲಿ ಸಿಗುವ ಗಜದ ಕೋಲು ಅವರಿಗೆ ಒಗ್ಗಿಲ್ಲ. ಸೈನ್ಯದ ಪುಲ್‌ತ್ರೂ ನೆನಪಿನಲ್ಲಿ ತಾವೇ ಒಂದು ಹುರಿ ಹೊಸೆದಿದ್ದಾರೆ. ಒಂದು ತುದಿಗೆ ಹಿತ್ತಾಳೆಯ ತೂಕ, ಇನ್ನೊಂದು ತುದಿಗೆ ಕುಣಿಕೆ. ಕುಣಿಕೆಯಲ್ಲಿ ಚಿಂದಿ ಸಿಕ್ಕಿಸುತ್ತಾರೆ. ನಾಲ್ಕು ಇಂಚು ಉದ್ದ, ಎರಡು ಇಂಚು ಅಗಲ. ಹಳೆಯ ಫ್ಲಾನೆಲ್ ಲಂಗದಿಂದ ಕತ್ತರಿಸಿದ್ದಾದರೂ ಅಳತೆ ನೂಲಿನಷ್ಟೂ ತಪ್ಪುವುದಿಲ್ಲ. ತೂಕವನ್ನು ಹಿಂದಿನಿಂದ ಇಳಿಬಿಟ್ಟು ಮುಂದಿನಿಂದ ಒಂದೇ ಎಳೆತಕ್ಕೆ ಎಳೆಯಬೇಕು, ನಡುವೆ ನಿಲ್ಲಿಸಬಾರದು. ಮೊದಲ ಚಿಂದಿ ಕಂದು ಬಣ್ಣ ಹಿಡಿದು ಬರುತ್ತದೆ, ಆಮೇಲಿನದು ಬೂದು, ಕೊನೆಯದು ಬಿಳಿಯಾಗಿಯೇ ಬರಬೇಕು. ಹೊಲಿಗೆ ಯಂತ್ರದ ಎಣ್ಣೆಯನ್ನು ಎರಡು ಬೆರಳಿಗೆ ಸವರಿಕೊಂಡು ಕಬ್ಬಿಣಕ್ಕಷ್ಟೇ ಮುಟ್ಟಿಸುತ್ತಾರೆ, ಮರಕ್ಕೆ ತಾಗಗೊಡುವುದಿಲ್ಲ. ಎಲ್ಲ ಮುಗಿದ ಮೇಲೆ ನಳಿಗೆಗಳನ್ನು ಬಾಗಿಲ ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚುತ್ತಾರೆ. ನನಗೂ ತೋರಿಸಿದರು. ಕತ್ತಲ ಸುರಂಗವಿರುತ್ತದೆ ಅಂದುಕೊಂಡಿದ್ದೆ. ಒಳಗೆ ಬೆಳಕು ಬಳೆ ಬಳೆಯಾಗಿ ಒಂದರ ಹಿಂದೊಂದು ಕೂತಿತ್ತು.

ಈ ಬಂದೂಕಿನಿಂದ ಅವರು ಒಂದು ಜೀವವನ್ನೂ ಹೊಡೆದಿಲ್ಲ. ಇದು ಬಯಲುಸೀಮೆಯ ಊರುಗಳಲ್ಲಿ ಸುಲಭವಾಗಿ ನಂಬುವ ಮಾತಲ್ಲ. ಶಿರಾ, ಮಧುಗಿರಿ, ಪಾವಗಡದ ಕಡೆ ಯುಗಾದಿ ಮುಗಿದರೆ ಬೇಟೆಯ ಮಾತು ಬರುತ್ತಿತ್ತು. ಮೊಲದ ಬಲೆ, ನಾಡಬಂದೂಕು, ಕೌಜುಗಕ್ಕೆ ಉರುಳು, ಗೌಡರ ಮನೆಯ ಗೋಡೆಗೆ ಕೊಂಬು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಎಷ್ಟೋ ವರ್ಷ ಅದು ಕದ್ದುಮುಚ್ಚಿ ನಡೆಯಿತು. ಕೊಡವರಿಗೆ ಬಂದೂಕು ಮನೆತನದ ಹಕ್ಕು. ಲೈಸೆನ್ಸಿನಿಂದ ಅವರಿಗಿರುವ ವಿನಾಯಿತಿಯನ್ನು ಕೇಂದ್ರ 2029ರವರೆಗೆ ಮುಂದುವರಿಸಿದೆ. ನಮ್ಮ ಕಡೆ ಹಾಗಲ್ಲ. ಇಲ್ಲಿ ಅದು ಅರ್ಜಿ, ಠಾಣೆಯ ವರದಿ, ಜಿಲ್ಲಾಧಿಕಾರಿ ಕಚೇರಿಯ ಮುದ್ರೆ. ಚುನಾವಣೆ ಘೋಷಣೆಯಾದ ತಕ್ಷಣ ಬಂದೂಕು ಠಾಣೆಗೆ ಒಪ್ಪಿಸಬೇಕು. 2018ರ ವಿಧಾನಸಭೆ, 2019ರ ಲೋಕಸಭೆ, 2020ರ ಶಿರಾ ಉಪಚುನಾವಣೆ, ಮತ್ತೆ 2023, 2024. ಪ್ರತಿ ಸಲವೂ ಅವರು ಅದನ್ನು ಗೋಣಿಬಟ್ಟೆಯಲ್ಲಿ ಸುತ್ತಿ ಸ್ಕೂಟರಿನಲ್ಲಿ ಒಯ್ದು, ರಸೀದಿ ಪಡೆದು, ಆ ರಸೀದಿಯನ್ನು ಅದೇ ಬೀರುವಿನಲ್ಲಿ ಬಂದೂಕಿನ ಜಾಗದಲ್ಲಿಟ್ಟು ಬೀಗ ಹಾಕುತ್ತಾರೆ.

ಹೊಡೆಯುವವರಿಗಿಂತ ಹೊಡೆಯದವರಿಗೆ ಹೆಚ್ಚು ಕಲಿತ ಕೈ ಬೇಕು ಎಂಬುದು ನನಗೆ ಅವರಿಂದ ಮನವರಿಕೆಯಾದ ಸಂಗತಿ. ಫೈರಿಂಗ್ ರೇಂಜಿನಲ್ಲಿ ಅವರಿಗೆ ಹೇಳಿಕೊಟ್ಟದ್ದು 'ಏಕ್ ಗೋಲಿ, ಏಕ್ ದುಶ್ಮನ್'. ಅರ್ಧ ಉಸಿರು ಬಿಟ್ಟು, ಅಲ್ಲೇ ತಡೆದು, ಕುದುರೆಯನ್ನು ಎಳೆಯದೆ ಹಿಂಡಬೇಕು. ಹೊಡೆದು ಮುಗಿದ ಮೇಲೆ ಖಾಲಿ ಖೋಕಾಗಳನ್ನು ಎಣಿಸಿ ಒಪ್ಪಿಸಬೇಕು. ಒಂದು ಕಡಿಮೆ ಬಿದ್ದರೂ ಇಡೀ ತುಕಡಿ ಹುಲ್ಲಿನಲ್ಲಿ ಮಂಡಿಯೂರಿ ಹುಡುಕುತ್ತದೆ. ಹೀಗೆ ಪ್ರತಿ ಗುಂಡಿಗೂ ಲೆಕ್ಕ ಕೊಟ್ಟು ಬದುಕಿದವರಿಗೆ, ಏರ್‌ಗನ್ ಹಿಡಿದು ಬೇವಿನ ಮರದ ಕೆಳಗೆ ಅಡ್ಡಾಡುವ ಹುಡುಗರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. .177ರ ಕಡಿಮೆ ಶಕ್ತಿಯ ಏರ್‌ಗನ್ನಿಗೆ ಲೈಸೆನ್ಸ್ ಬೇಡ, ನಿಜ. ಆದರೆ ಅದರಿಂದ ಕೌಜುಗ ಹೊಡೆದರೆ ಅಪರಾಧ ಅಪರಾಧವೇ. ಅಂಥ ಹುಡುಗರನ್ನು ಅವರು ಬೈಯುವುದಿಲ್ಲ. ಕರೆದು, ಬೆಂಕಿಪೊಟ್ಟಣವೊಂದನ್ನು ಮಣ್ಣಿನ ದಿಬ್ಬಕ್ಕೆ ನಿಲ್ಲಿಸಿ, ಇಪ್ಪತ್ತು ಹೆಜ್ಜೆ ಹಿಂದೆ ಮಲಗಿಸಿ, ಸಂಜೆವರೆಗೆ ಹೊಡೆಸುತ್ತಾರೆ. ಕೊನೆಗೆ ದಿಬ್ಬದಿಂದ ಛರ‍್ರಾಗಳನ್ನೆಲ್ಲ ಹೆಕ್ಕಿಸುತ್ತಾರೆ.

ಅವರ ಕೋಪ ನಿಜಕ್ಕೂ ನೆತ್ತಿಗೇರುವುದು ಸಿಡಿಮದ್ದಿನ ವಿಷಯಕ್ಕೆ. ಕಾಡುಹಂದಿ ಕೊಲ್ಲಲು ಹಿಟ್ಟಿನ ಉಂಡೆಯೊಳಗೆ ಸಿಡಿಮದ್ದು ಇಟ್ಟು ಬದುವಿನಲ್ಲಿ ಬಿಡುವವರಿದ್ದಾರೆ. ಮೇಯುತ್ತಾ ಬಂದ ಹಸುವೊಂದು ಅದನ್ನು ಅಗಿದಿತ್ತು. ಕೆಳದವಡೆ ಹೋಗಿತ್ತು. ನೀರು ಕುಡಿಯಲು ಮುಂದಾಗುತ್ತದೆ, ಕುಡಿಯಲಾಗುವುದಿಲ್ಲ. ಅದನ್ನು ಕಂಡು ಬಂದ ರಾತ್ರಿ ಅವರು ರಾಜಸ್ಥಾನದ ಗಡಿಯ ಕಥೆ ಹೇಳಿದರು. 2001ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಆಪರೇಷನ್ ಪರಾಕ್ರಮ್ ಶುರುವಾಗಿ ಗಡಿಯುದ್ದಕ್ಕೂ ನೆಲಬಾಂಬು ಹೂತರು. ಯುದ್ಧ ಆಗಲಿಲ್ಲ. ಹೂತದ್ದನ್ನು ತೆಗೆಯಬೇಕಾಯಿತು. ಹೂಳುವುದಕ್ಕಿಂತ ತೆಗೆಯುವುದು ಬಹಳ ದೊಡ್ಡ ಕೆಲಸ. ಮರಳು ಸರಿದಿರುತ್ತದೆ, ನಕ್ಷೆಯಲ್ಲಿ ಗುರುತು ಮಾಡಿದ ಜಾಗದಲ್ಲಿ ಬಾಂಬು ಇರುವುದಿಲ್ಲ. ಹೊಟ್ಟೆಯ ಮೇಲೆ ಮಲಗಿ ಸಲಾಕೆಯನ್ನು ಓರೆಯಾಗಿ ಚುಚ್ಚುತ್ತಾ ಒಂದೊಂದೇ ಗೇಣು ಮುಂದೆ ಹೋಗಬೇಕು. "ಅಲ್ಲೂ ಒಂದು ಒಂಟೆ ಹಿಂಗೇ ನಿಂತಿತ್ತು" ಎಂದು ಸುಮ್ಮನಾದರು.

ಹಂದಿ ಕಾಟಕ್ಕೆ ಅವರದೇ ಉಪಾಯಗಳಿವೆ. ಕಡ್ಲೆಕಾಯಿ ಹೊಲದ ಸುತ್ತ ಹಳೆಯ ಸೀರೆಗಳ ಬೇಲಿ, ನಡುವೆ ಅಟ್ಟಣೆ, ಅಟ್ಟಣೆ ಮೇಲೆ ಕಂಬಳಿ, ಐದು ಸೆಲ್ಲಿನ ಟಾರ್ಚು, ಒಂದು ತಮಟೆ. ತಾತನ ಕಾಲದ ಕವಣೆ ಕೂಡ ಇದೆ, ಅದರ ಕಲ್ಲು ಈಗಲೂ ಅಂದುಕೊಂಡ ಕಡೆ ಬೀಳುತ್ತದೆ. ಬಂದೂಕು ಮಾತ್ರ ಹೊಲಕ್ಕೆ ಬರುವುದಿಲ್ಲ.

ಬಿಡುವಿದ್ದ ಭಾನುವಾರ ಬುಕ್ಕಾಪಟ್ಟಣದ ಕಡೆ ಹೋಗುತ್ತಾರೆ. ಶಿರಾ ತಾಲ್ಲೂಕಿನ ಆ ಕುರುಚಲು ಕಾಡನ್ನು ನಾವು ಕಮರದ ಮರಕ್ಕೂ ಕುರಿ ಮೇವಿಗೂ ಮಾತ್ರ ಬಲ್ಲವರಾಗಿದ್ದೆವು. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಸಂಗಡಿಗರ ಕ್ಯಾಮೆರಾಗಳಲ್ಲಿ ಅಲ್ಲಿ ಚಿಂಕಾರ ಎಂಬ ಹುಲ್ಲೆ ಕಾಣಿಸಿಕೊಂಡ ಮೇಲೆ, 2019ರಲ್ಲಿ ಸುಮಾರು 136 ಚದರ ಕಿಲೋಮೀಟರ್ ಪ್ರದೇಶ ಚಿಂಕಾರ ವನ್ಯಜೀವಿ ಧಾಮವಾಯಿತು. ಕೊಂಡುಕುರಿಯೂ ಅಲ್ಲಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳಿಗೆ 2007ರಲ್ಲೇ ಜಯಮಂಗಲಿ ಸಂರಕ್ಷಿತ ಪ್ರದೇಶವೆಂಬ ಆಸರೆ ಸಿಕ್ಕಿತ್ತು. ಅಪ್ಪಣೆಯಿಲ್ಲದೆ ಧಾಮದೊಳಗೆ ಕಾಲಿಡುವಂತಿಲ್ಲ. ನಾನೂ ಜೊತೆಗೆ ಹೋದ ದಿನ ನಾವು ಅಂಚಿನ ರಸ್ತೆಯ ಬದಿಯ ಬಂಡೆಯೊಂದರ ಮೇಲೆ ಕೂತೆವು. ಭುಜಕ್ಕೆ ನೀರಿನ ಬಾಟಲಿ, ಕೊರಳಿಗೆ ದುರ್ಬೀನು, ಗಡಿಯಾರವನ್ನು ಬಿಚ್ಚಿ ಜೇಬಿಗೆ. ಗಾಜು ಹೊಳೆಯಬಾರದು.

ಸೈನ್ಯದಲ್ಲಿ ಒಂದು ಪಾಠವಿದೆಯಂತೆ, ವಸ್ತುಗಳು ಕಣ್ಣಿಗೆ ಏಕೆ ಬೀಳುತ್ತವೆ ಎಂದು. ಆಕಾರ, ನೆರಳು, ಹೊಳಪು, ಹಿನ್ನೆಲೆಗೆ ಎದ್ದು ಕಾಣುವ ಅಂಚು, ಎಲ್ಲಕ್ಕಿಂತ ಮೊದಲು ಚಲನೆ. ಶತ್ರುವನ್ನು ಹುಡುಕಲು, ತಾವು ಅಡಗಲು ಕಲಿತದ್ದನ್ನು ಅವರು ಆ ಬಂಡೆಯ ಮೇಲೆ ನನಗೆ ಹೇಳಿಕೊಟ್ಟರು. "ಪೊದೆ ನೋಡ್ಬ್ಯಾಡ, ಪೊದೆ ನಡುವಿನ ಸಂದು ನೋಡು. ಎಡದಿಂದ ಬಲಕ್ಕೆ, ಹತ್ತಿರದಿಂದ ದೂರಕ್ಕೆ." ಬಹಳ ಹೊತ್ತು ನನಗೆ ತಂಗಡಿ ಗಿಡ ಬಿಟ್ಟು ಏನೂ ಕಾಣಲಿಲ್ಲ. ಆಮೇಲೆ ಒಂದು ಸಂದಿನಲ್ಲಿ ಕಪ್ಪಗೆ ಏನೋ ಅಲ್ಲಾಡಿತು, ಚಿಕ್ಕ ಬಾಲ. ಬಾಲದ ಹಿಂದೆ ಮಣ್ಣಿನ ಬಣ್ಣದ ಮೈ, ಉಂಗುರ ಉಂಗುರವಾದ ನೆಟ್ಟ ಕೊಂಬು, ಕಣ್ಣಿನಿಂದ ಮೂತಿಗೆ ಇಳಿದ ಕಪ್ಪು ಗೆರೆ. ಮುಂಗಾಲು ಕುಟ್ಟಿ, ಸೀನಿದಂಥ ಸದ್ದು ಮಾಡಿ, ಮರೆಯಾಯಿತು. ಎಲೆಯ ತೇವದಲ್ಲೇ ದಿನಗಟ್ಟಲೆ ಕಳೆಯಬಲ್ಲ ಪ್ರಾಣಿ. ಬರದ ಸೀಮೆಗೆ ಹೇಳಿ ಮಾಡಿಸಿದ್ದು. ಅವರು ದುರ್ಬೀನು ಇಳಿಸದೆ ಅರ್ಧ ಉಸಿರು ಬಿಟ್ಟು ತಡೆದಿದ್ದರು.

ಸಂಜೆಗಳು ಕೆರೆಗೆ. ಮೀನಿನ ಹರಾಜು ಹಿಡಿದವರಿಗೆ ಹೇಳಿಯೇ ಗಾಳ ಹಾಕುತ್ತಾರೆ. ಬಿದಿರು ಕೋಲು, ಜೋಳದ ದಂಟಿನ ಬೆಂಡು, ಮಡಕೆಚೂರಿನಲ್ಲಿ ಎರೆಹುಳು. ಬೆಂಡು ಅಡ್ಡಡ್ಡ ಸರಿದರೆ ಸಣ್ಣ ಮೀನಿನ ಚೇಷ್ಟೆ, ನೆಟ್ಟಗೆ ಮುಳುಗಿದರೆ ಗೆಂಡೆ. ಸಿಕ್ಕರೆ ಮನೆಯಲ್ಲಿ ಮುದ್ದೆಗೆ ಸಾರು, ಸಿಗದಿದ್ದರೆ ಸೊಪ್ಪು.

ಅವರ ಮಗಳು ಕಾಲೇಜಿನ ಎನ್‌ಸಿಸಿಯಲ್ಲಿ .22 ರೈಫಲ್ ಹಿಡಿದು ಬಂದವಳು. ಲೈಸೆನ್ಸುದಾರರಿಗೆ ಎಪ್ಪತ್ತು ತುಂಬಿದರೆ ಅಥವಾ ಬಂದೂಕು ಇಪ್ಪತ್ತೈದು ವರ್ಷ ಅವರ ಹತ್ತಿರ ಇದ್ದರೆ, ವಾರಸುದಾರರ ಹೆಸರಿಗೆ ಮಾಡಿಸಿಕೊಡಲು 2016ರ ಆಯುಧ ನಿಯಮಗಳಲ್ಲಿ ದಾರಿಯಿದೆ. ಅದಕ್ಕೆ ಇನ್ನೂ ಕಾಲವಿದೆ. ಅವಳ ಅಣ್ಣ ಬೆಂಗಳೂರು ಸೇರಿದ ಮೇಲೆ ಬಂದೂಕು ಸರ್ಕಾರಕ್ಕೆ ಒಪ್ಪಿಸಿಬಿಡೋಣ ಎಂದು ಮನೆಯಲ್ಲಿ ಮಾತು ಬಂದಾಗ ಬೇಡ ಎಂದವಳು ಅವಳೇ. 2024ರ ಚುನಾವಣೆ ಮುಗಿದು ಅದನ್ನು ಬಿಡಿಸಿಕೊಳ್ಳಲು ಠಾಣೆಗೆ ಹೋದಾಗ ಅಪ್ಪನ ಜೊತೆ ಹೋಗಿದ್ದಳು. ನಳಿಗೆಯ ಮೇಲಿನ ನಂಬರನ್ನು ರಸೀದಿಗೆ ತಾಳೆ ನೋಡಿ, ಮಡಚಿ, ಎರಡು ಕೋಣೆಗೂ ಕಿರುಬೆರಳು ತೂರಿಸಿ ನೋಡಿ, ಆಮೇಲೆ ರಿಜಿಸ್ಟರಿನಲ್ಲಿ ಅಪ್ಪನಿಗೆ ಸಹಿ ಹಾಕಲು ಹೇಳಿದಳು.