ಹೊತ್ತು ಹೋದಂತೆ ಸೊರಗುವ ವೈಫೈ

ರಾತ್ರಿ ಒಂಬತ್ತರ ಸುಮಾರಿಗೆ ಠಾಣೆಯಿಂದ ಕಲ್ಯಾಣದವರೆಗೆ, ಆ ಕಡೆ ನವಿ ಮುಂಬಯಿಯಲ್ಲಿಯೂ, ನಮ್ಮವರ ಮನೆಗಳಲ್ಲಿ ಒಂದೇ ಬಗೆಯ ಮಾತು ಕೇಳಿಬರುತ್ತದೆ. ಲೋಕಲ್ ಗಾಡಿಯಿಂದ ಇಳಿದು ಬಂದು, ಕೈಕಾಲು ತೊಳೆದುಕೊಂಡು, ಊರಿನಲ್ಲಿರುವ ಹಿರಿಯರಿಗೆ ವೀಡಿಯೋ ಕರೆ ಮಾಡುವ ಹೊತ್ತು ಅದು. ಧಾರವಾಡದ ಕಡೆಯ ಅಜ್ಜಿಯೊಬ್ಬರು ಮೊಮ್ಮಗಳ ಹಾಡು ಕೇಳಲು ಕಾದು ಕುಳಿತಿರುತ್ತಾರೆ. ಹಾಡು ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಚಿತ್ರ ಕಲ್ಲಾಗಿ ನಿಲ್ಲುತ್ತದೆ. “ಯಾಕೋ ತಮ್ಮಾ, ಮಾರಿ ಕಾಣವಲ್ದು” ಎಂದು ಅಲ್ಲಿಂದ ದನಿ ಬರುತ್ತದೆ. ಇಲ್ಲಿ ಯಾರಾದರೊಬ್ಬರು ಎದ್ದು ರೌಟರಿನ ಸ್ವಿಚ್ಚು ಆರಿಸಿ ಮತ್ತೆ ಹಾಕುತ್ತಾರೆ. ಎರಡು ನಿಮಿಷದಲ್ಲಿ ಎಲ್ಲವೂ ಸರಿಹೋಗುತ್ತದೆ. ನಾಲ್ಕು ದಿನ ಕಳೆದರೆ ಮತ್ತೆ ಅದೇ ಕಥೆ.

ಈ ಆರಿಸಿ ಹಾಕುವ ಮದ್ದನ್ನು ಎಲ್ಲರೂ ಬಲ್ಲರು. ರೋಗ ಯಾವುದೆಂದು ವಿಚಾರಿಸುವವರು ಕಡಿಮೆ. ೨೦೨೦ರ ಮಾರ್ಚ್ ಕೊನೆಯಲ್ಲಿ ಲೋಕಲ್ ಗಾಡಿಗಳು ನಿಂತು, ಶಾಲೆಯೂ ಆಫೀಸೂ ಮನೆಯೊಳಗೇ ಬಂದು ಕುಳಿತಾಗ ಅವಸರದಿಂದ ಕೊಂಡ ಪೆಟ್ಟಿಗೆಗಳು ಇಂದಿಗೂ ಅನೇಕ ಮನೆಗಳಲ್ಲಿ ಉಂಟು. ಅವು ಕೆಟ್ಟವೆಂದು ಭಾವಿಸಿ, ಎರಡು ಮೂರು ಸಾವಿರ ರೂಪಾಯಿ ಸುರಿದು ಹೊಸದನ್ನು ತಂದು, ಹದಿನೈದು ದಿನಗಳಲ್ಲಿ ಮತ್ತೆ ಅದೇ ಗೋಳನ್ನು ತೋಡಿಕೊಂಡವರು ನಮ್ಮ ಪರಿಚಯದಲ್ಲಿಯೇ ಇದ್ದಾರೆ. ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವವರಿಗೆ ಇದು ಸಣ್ಣ ವೆಚ್ಚವೇನಲ್ಲ.

ನಮ್ಮ ಅಭಿಪ್ರಾಯದಲ್ಲಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ವೇಗ ಕುಂದುವುದು ಗಂಟೆಗಳ ಲೆಕ್ಕದಲ್ಲಿಯೋ, ದಿನಗಳ ಲೆಕ್ಕದಲ್ಲಿಯೋ, ವರ್ಷಗಳ ಲೆಕ್ಕದಲ್ಲಿಯೋ? ಮೂರನ್ನೂ ನಾವು “ಬರಬರುತ್ತಾ ನಿಧಾನವಾಯಿತು” ಎಂಬ ಒಂದೇ ಮಾತಿನಿಂದ ಹೇಳಿಬಿಡುತ್ತೇವೆ. ಆದರೆ ಒಂದೊಂದಕ್ಕೂ ಕಾರಣ ಬೇರೆ, ಉಪಾಯವೂ ಬೇರೆ.

ಇದನ್ನು ಕಂಡುಹಿಡಿಯಲು ಕಚೇರಿಯ ರಿಜಿಸ್ಟರಿನ ಪದ್ಧತಿಯೇ ಸಾಕು. ಹಳೆಯ ನೋಟುಬುಕ್ಕಿನ ಒಂದು ಪುಟಕ್ಕೆ ಗೆರೆ ಎಳೆದು ತಾರೀಕು, ವೇಳೆ, ರೌಟರಿನ ಪಕ್ಕದಲ್ಲಿ ಬಂದ ವೇಗ, ಅಡುಗೆಮನೆಯಲ್ಲಿ ಬಂದ ವೇಗ, ತಂತಿ ಜೋಡಿಸಿದಾಗ ಬಂದ ವೇಗ, ಕೊನೆಯ ಸಲ ಆರಿಸಿ ಹಾಕಿದ ದಿನ, ಇಷ್ಟನ್ನು ಬರೆಯಬೇಕು. ಬೆಳಿಗ್ಗೆ ಏಳಕ್ಕೆ ಒಮ್ಮೆ, ರಾತ್ರಿ ಒಂಬತ್ತೂವರೆಗೆ ಒಮ್ಮೆ, ಹೀಗೆ ಹತ್ತು ದಿನ. ಇವುಗಳಲ್ಲಿ ತಂತಿಯ ಲೆಕ್ಕವೇ ಎಲ್ಲಕ್ಕಿಂತ ಮುಖ್ಯ. ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ರೌಟರಿಗೆ ನೇರವಾಗಿ ಜೋಡಿಸಿದಾಗ ವೇಗ ಪೂರ್ತಿ ಬಂದು, ವೈಫೈಯಲ್ಲಿ ಮಾತ್ರ ಕುಂದಿದರೆ ದೋಷವಿರುವುದು ಗಾಳಿಯಲ್ಲಿ. ತಂತಿಯಲ್ಲಿಯೂ ಕುಂದಿದರೆ ವೈಫೈಯನ್ನು ಬೈದು ಪ್ರಯೋಜನವಿಲ್ಲ. ಪೆಟ್ಟಿಗೆಯನ್ನೋ ಹೊರಗಿನ ಲೈನನ್ನೋ ನೋಡಬೇಕು. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದವರು ಒಂದು ದಿನದ ಮಟ್ಟಿಗೆ ನೆರೆಯವರಿಂದ ಕೇಳಿ ತಂದರೂ ಆದೀತು.

ಗಂಟೆಗಳ ಲೆಕ್ಕದ ರೋಗ ನಮ್ಮ ಕಡೆಯೇ ಹೆಚ್ಚು. ಡೊಂಬಿವಲಿಯ ಹಳೆಯ ಬೀದಿಗಳನ್ನು ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಒಂದು ಕಟ್ಟಡದ ಕಿಟಕಿಯಿಂದ ಇನ್ನೊಂದರ ಗ್ಯಾಲರಿಗೆ ಕೈ ಚಾಚಿ ಕೊತ್ತಂಬರಿ ಕೊಡಬಹುದು. ಅಂತಹ ಮನೆಯಲ್ಲಿ ಫೋನು ತೆರೆದು ವೈಫೈ ಹೆಸರುಗಳ ಪಟ್ಟಿ ನೋಡಿದರೆ ನಮ್ಮದೊಂದು, ಪರರದು ಇಪ್ಪತ್ತೋ ಮೂವತ್ತೋ ಕಾಣುತ್ತವೆ. ೨.೪ ಗಿಗಾಹರ್ಟ್ಸ್ ಎಂಬ ಪಟ್ಟಿಯನ್ನು ನಮ್ಮ ದೇಶದಲ್ಲಿ ೨೦೦೫ರ ನಿಯಮದಂತೆ ಯಾರು ಬೇಕಾದರೂ ಲೈಸೆನ್ಸಿಲ್ಲದೆ ಬಳಸಬಹುದು. ಆದಕಾರಣ ಎಲ್ಲರೂ ಅಲ್ಲಿಯೇ ಸೇರಿದ್ದಾರೆ; ಬ್ಲೂಟೂತ್ ಅಲ್ಲಿಯೇ, ಚಪಾತಿ ಬಿಸಿಮಾಡುವ ಮೈಕ್ರೋವೇವ್ ಒಲೆಯ ಅಲೆಯೂ ಅಲ್ಲಿಯೇ. ಈ ಪಟ್ಟಿಯಲ್ಲಿ ಹೆಸರಿಗೆ ೧೩ ಚಾನಲ್ಲುಗಳು ಉಂಟು. ಆದರೆ ಒಂದರ ನಡುವಿನಿಂದ ಮತ್ತೊಂದರ ನಡುವಿಗೆ ೫ ಮೆಗಾಹರ್ಟ್ಸ್ ಮಾತ್ರ ಅಂತರ. ಒಂದೊಂದು ಚಾನಲ್ಲೋ ಸುಮಾರು ೨೦ ಮೆಗಾಹರ್ಟ್ಸ್ ಅಗಲ. ಹೀಗಾಗಿ ಒಂದರ ಮೇಲೊಂದು ಏರದೆ ಕೂಡುವಂತಹವು ೧, ೬, ೧೧ ಈ ಮೂರೇ. ಮೂರು ಜನರ ಸೀಟಿನಲ್ಲಿ ನಾಲ್ಕನೆಯವರಿಗೂ ಜಾಗ ಕೊಡುವ ನಮ್ಮ ಲೋಕಲ್ ಗಾಡಿಯ ಔದಾರ್ಯ ಇಲ್ಲಿ ನಡೆಯದು.

ವೈಫೈ ಪೆಟ್ಟಿಗೆಗಳಿಗೆ ಒಂದು ಸಭ್ಯತೆಯುಂಟು: ಮಾತಾಡುವ ಮುನ್ನ ಬೇರೆಯವರು ಮಾತಾಡುತ್ತಿದ್ದಾರೆಯೇ ಎಂದು ಕೇಳಿಸಿಕೊಳ್ಳುತ್ತವೆ. ಚಾಳಿನ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಂತೆ ಸರದಿಗಾಗಿ ಕಾಯುತ್ತವೆ. ಒಂದೇ ಚಾನಲ್ಲಿನಲ್ಲಿ ಹತ್ತು ಮನೆಗಳಿದ್ದರೆ ಸರದಿ ಉದ್ದವಾಗುತ್ತದೆ, ಅಷ್ಟೆ. ಯಾರೋ ಜಾಣರು ೩ನೆಯದನ್ನೋ ೪ನೆಯದನ್ನೋ ಆರಿಸಿಕೊಂಡರೆ ಅವರು ೧ಕ್ಕೂ ೬ಕ್ಕೂ ಅರ್ಧರ್ಧ ಅಡ್ಡಬರುತ್ತಾರೆ. ಅವರ ಮಾತು ಉಳಿದವರಿಗೆ ಮಾತಾಗಿ ಕೇಳದೆ ಬರಿಯ ಗದ್ದಲವಾಗಿ ಕೇಳುತ್ತದೆ, ಕೆಡುಕು ಹೆಚ್ಚು.

ಇಲ್ಲಿ ಮುಖ್ಯವಾದ ಸೂಕ್ಷ್ಮವೊಂದುಂಟು. ಸೆಟ್ಟಿಂಗಿನಲ್ಲಿ “ಆಟೋ” ಎಂದಿಟ್ಟರೆ ಸಾಮಾನ್ಯ ಪೆಟ್ಟಿಗೆಗಳು ಬಹುಮಟ್ಟಿಗೆ ಹೊತ್ತಿಕೊಳ್ಳುವ ಗಳಿಗೆಯಲ್ಲಿ ಮಾತ್ರ ಸುತ್ತ ನೋಡಿ ಚಾನಲ್ಲನ್ನು ಆರಿಸುತ್ತವೆ. ಹಗಲು ಹನ್ನೊಂದಕ್ಕೆ, ಊರೆಲ್ಲ ಆಫೀಸಿಗೆ ಹೋಗಿರುವಾಗ ಹಚ್ಚಿದ ಪೆಟ್ಟಿಗೆ ಆಗ ಖಾಲಿಯಾಗಿ ಕಂಡ ಜಾಗದಲ್ಲಿ ಕುಳಿತುಬಿಡುತ್ತದೆ. ರಾತ್ರಿ ಅದೇ ಜಾಗ ಸಂತೆಯಾದರೂ ಏಳುವುದಿಲ್ಲ. ನಾವು ಆರಿಸಿ ಹಾಕಿದಾಗ ಅದು ಮತ್ತೆ ಸುತ್ತ ನೋಡುತ್ತದೆ, ವೇಗ ಬರುತ್ತದೆ. ನಾವು ಪೆಟ್ಟಿಗೆಯೇ ದಣಿದಿತ್ತೆಂದು ತಿಳಿಯುತ್ತೇವೆ. ಆದ್ದರಿಂದ ಮುಂದಿನ ಸಲ ವೇಗ ಕುಂದಿದಾಗ ಸ್ವಿಚ್ಚಿಗೆ ಕೈ ಹಾಕಬಾರದು. ಪೆಟ್ಟಿಗೆಯ ಅಡಿಯಲ್ಲಿ ಅಂಟಿಸಿದ ಚೀಟಿಯ ವಿಳಾಸದಿಂದ ಒಳಹೊಕ್ಕು, ಚಾನಲ್ಲನ್ನು ಮಾತ್ರ ೧, ೬, ೧೧ರೊಳಗೆ ಬದಲಿಸಿ ನೋಡಬೇಕು. ಅದರಿಂದಲೇ ವೇಗ ಮರಳಿದರೆ ಕಾರಣ ಗಾಳಿಯ ಸಂದಣಿಯೇ ಸರಿ. ಚಾನಲ್ಲಿನ ಅಗಲವನ್ನು ೪೦ ಎಂದಿಟ್ಟಿದ್ದರೆ ೨೦ಕ್ಕೆ ಇಳಿಸಬೇಕು. ಇಕ್ಕಟ್ಟಿನ ಊರಿನಲ್ಲಿ ಎರಡು ಸೀಟು ಹಿಡಿದು ಕೂಡುವುದು ನೆರೆಯವರಿಗೂ ಕಷ್ಟ, ನಮಗೂ ಲಾಭವಿಲ್ಲ. ನಮ್ಮ ಮಹಡಿಯ ನಾಲ್ಕು ಮನೆಯವರು ಒಂದು ಭಾನುವಾರ ಚಹಾದ ಹೊತ್ತಿಗೆ ಕುಳಿತು ಈ ಮೂರು ಸಂಖ್ಯೆಗಳನ್ನು ಹಂಚಿಕೊಂಡೆವು. ನಾಲ್ಕನೆಯವರು ಮರಾಠಿ ಬಾಂಧವರು. ಅವರ ಮನೆಯ ಫೋನುಗಳೆಲ್ಲ ಹೊಸವಾದ್ದರಿಂದ ಅವರು ಪೂರ್ತಿಯಾಗಿ ೫ ಗಿಗಾಹರ್ಟ್ಸಿಗೆ ಹೋದರು.

ಈ ೫ ಗಿಗಾಹರ್ಟ್ಸ್ ಪಟ್ಟಿಯಲ್ಲಿ ಜಾಗ ಧಾರಾಳ, ಆದರೆ ಗೋಡೆಗಳನ್ನು ದಾಟುವ ಶಕ್ತಿ ಕಡಿಮೆ. ಇಟ್ಟಿಗೆ ಗೋಡೆಯ ಹಳೆಯ ಮನೆಗಳಲ್ಲಿ ಹೇಗೋ ನಡೆಯುತ್ತದೆ. ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ, ಕಲ್ಯಾಣದ ಹೊಸ ಬಡಾವಣೆಗಳಲ್ಲಿ ಎದ್ದಿರುವ ಎಷ್ಟೋ ಗೋಪುರಗಳಲ್ಲಿ ಮೈವಾನ್ ಪದ್ಧತಿಯಿಂದ ಒಳಗೋಡೆಗಳನ್ನೂ ಕಬ್ಬಿಣ ಕಾಂಕ್ರೀಟಿನಲ್ಲಿಯೇ ಎರಕ ಹೊಯ್ದಿರುತ್ತಾರೆ. ಎರಡು ಗೋಡೆ ದಾಟುವಷ್ಟರಲ್ಲಿ ಅಲೆ ಬಸವಳಿಯುತ್ತದೆ. ಆಗ ಫೋನು ತಾನಾಗಿ ೨.೪ಕ್ಕೆ ಇಳಿದು, ಮತ್ತೆ ರೌಟರಿನ ಬಳಿಗೆ ಬಂದರೂ ಹಳೆಯದನ್ನೇ ಹಿಡಿದುಕೊಂಡಿರುವುದುಂಟು. ಎರಡು ಪಟ್ಟಿಗಳಿಗೂ ಬೇರೆ ಬೇರೆ ಹೆಸರಿಟ್ಟರೆ ಯಾವುದರಲ್ಲಿ ಇದ್ದೇವೆಂದು ಕಣ್ಣಿಗೇ ಕಾಣುತ್ತದೆ. ಅಂತಹ ಮನೆಗಳಲ್ಲಿ ಒಳಗಿನ ಕೋಣೆಗೆ ಒಂದು ಕೇಬಲ್ಲನ್ನೆಳೆದು ಎರಡನೆಯ ಪೆಟ್ಟಿಗೆ ಇಡುವುದೇ ನೆಟ್ಟಗಿನ ದಾರಿ. ಕೇಬಲ್ಲಿಲ್ಲದೆ ಗಾಳಿಯಿಂದಲೇ ಹಿಡಿದು ಮುಂದೆ ಕೊಡುವ ಅಗ್ಗದ ಯಂತ್ರಗಳು ವೇಗದ ಅರ್ಧವನ್ನು ತಾವೇ ನುಂಗುತ್ತವೆ.

ಇನ್ನು ದಿನಗಳ ಲೆಕ್ಕ. ಹೊತ್ತು ಯಾವುದಾದರೂ ಸರಿ, ಆರಿಸಿ ಹಾಕಿದ ಐದಾರು ದಿನಗಳಿಗೆ ತಂತಿಯಲ್ಲಿಯೂ ವೈಫೈಯಲ್ಲಿಯೂ ಒಟ್ಟಿಗೆ ವೇಗ ಕುಂದಿದರೆ ಪೆಟ್ಟಿಗೆಯ ಕಡೆಗೆ ತಿರುಗಬೇಕು. ರೌಟರ್ ಎಂಬುದು ಒಂದು ಚಿಕ್ಕ ಕಂಪ್ಯೂಟರೇ. ಮನೆಯ ಪ್ರತಿಯೊಂದು ಫೋನು, ಟೀವಿ, ಬಾಗಿಲ ಕ್ಯಾಮೆರಾ ಹೊರಗಿನೊಂದಿಗೆ ನಡೆಸುವ ಒಂದೊಂದು ಸಂಪರ್ಕಕ್ಕೂ ಅದು ತನ್ನ ನೆನಪಿನಲ್ಲಿ ಒಂದು ನಮೂದು ಮಾಡುತ್ತದೆ. ಮುಗಿದ ನಮೂದುಗಳನ್ನು ಅಳಿಸಬೇಕು. ಒಳಗಿನ ತಂತ್ರಾಂಶದಲ್ಲಿ ಕೊರತೆಯಿದ್ದರೆ ಮುಗಿದ ಕಡತಗಳು ಮೇಜಿನ ಮೇಲೆಯೇ ರಾಶಿ ಬೀಳುತ್ತವೆ. ಹಿಂದೆ ವಿದ್ಯುತ್ತು ಹೋಗಿ ಬರುವಾಗ ಈ ಮೇಜು ತಾನಾಗಿಯೇ ಬರಿದಾಗುತ್ತಿತ್ತು. ಈಗ ಮನೆಮನೆಯಲ್ಲಿಯೂ ಪುಟ್ಟ ಯುಪಿಎಸ್ ಬಂದು, ಪೆಟ್ಟಿಗೆ ತಿಂಗಳುಗಟ್ಟಲೆ ಆರದೆ ಉರಿಯುತ್ತದೆ! ತಯಾರಕರ ಹೊಸ ತಂತ್ರಾಂಶ ಬಂದಿದ್ದರೆ ಹಾಕಿಕೊಳ್ಳುವುದು ಇದಕ್ಕೆ ಮೊದಲ ಉಪಾಯ. ಆಗದಿದ್ದರೆ ನಸುಕಿನ ನಾಲ್ಕಕ್ಕೆ ವಾರಕ್ಕೊಮ್ಮೆ ತಾನಾಗಿ ಆರಿ ಹತ್ತುವ ವ್ಯವಸ್ಥೆ ಅನೇಕ ಪೆಟ್ಟಿಗೆಗಳಲ್ಲಿ ಉಂಟು. ಫೈಬರಿನ ಮೋಡೆಮ್ ಬೇರೆ, ರೌಟರ್ ಬೇರೆ ಇರುವ ಮನೆಯಲ್ಲಿ ಎರಡನ್ನೂ ಒಟ್ಟಿಗೆ ಆರಿಸದೆ, ಒಂದು ಸಲಕ್ಕೆ ಒಂದನ್ನೇ ಆರಿಸಿ ನೋಡಿದರೆ ಯಾವುದು ಅಪರಾಧಿಯೆಂದು ತಿಳಿಯುತ್ತದೆ. ಪಟ್ಟಿಯಲ್ಲಿ ಗುರುತಿಲ್ಲದ ಫೋನುಗಳು ಕಂಡರೆ ಗುಪ್ತಪದವನ್ನು ಬದಲಿಸುವುದೂ ಆಗಬೇಕು.

ಸೆಖೆಯ ವಿಷಯ ಹೇಳದಿದ್ದರೆ ನಮ್ಮ ಗೃಹಿಣಿಯರಿಗೆ ಅನ್ಯಾಯವಾದೀತು, ಏಕೆಂದರೆ ತಪ್ಪನ್ನು ಅವರ ಮೇಲೆ ಹೊರಿಸುವ ಗಂಡಸರನ್ನು ನಾವು ಕಂಡಿದ್ದೇವೆ. ಕ್ರೋಶಾ ಹೆಣೆದ ವಸ್ತ್ರ ಹೊದಿಸಿದ್ದು ಅವರೇ ಇರಬಹುದು. ಆದರೆ ಪೆಟ್ಟಿಗೆಯನ್ನು ಟೀವಿಯ ಹಿಂದಿನ ಕಪಾಟಿನಲ್ಲಿ ಸಿಕ್ಕಿಸಿ ಬಾಗಿಲು ಮುಚ್ಚಿದವನು ತಂತಿ ಎಳೆಯಲು ಬಂದ ಹುಡುಗ, ಒಪ್ಪಿದವರು ಯಜಮಾನರು. ಮೇ ತಿಂಗಳ ಡೊಂಬಿವಲಿಯಲ್ಲಿ ಅದರ ಒಳಗು ಕಾದ ಬಾಣಲೆ. ಎದೆಯೆತ್ತರದಲ್ಲಿ, ನಾಲ್ಕು ಕಡೆ ಗಾಳಿಯಾಡುವಂತೆ, ಮನೆಯ ನಡುವೆ ಇಟ್ಟರೆ ಯಂತ್ರಕ್ಕೂ ತಂಪು, ಅಲೆಗೂ ಹಾದಿ.

ವರ್ಷಗಳ ಲೆಕ್ಕಕ್ಕೆ ಹೆಚ್ಚು ಹೇಳಬೇಕಾದ್ದಿಲ್ಲ. ವಿದ್ಯುತ್ತು ಕೊಡುವ ಅಡಾಪ್ಟರ್ ಹಳೆಯದಾದಂತೆ ಸೋಲುತ್ತದೆ. ವೋಲ್ಟು ಸರಿಯಾಗಿ ಅಷ್ಟೇ ಇರುವ, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರುವ ಮತ್ತೊಂದನ್ನು ಜೋಡಿಸಿ ನೋಡಬೇಕು. ಕೇಬಲ್ಲಿನ ಒಳಗಿನ ಎಳೆಯೊಂದು ಮುರಿದರೂ ಸಾಕು, ೧೦೦೦ ಹರಿಯಬೇಕಾದಲ್ಲಿ ೧೦೦ ಹರಿಯುತ್ತದೆ. ೨೦೦೯ರ ೮೦೨.೧೧ಎನ್ ಕಾಲದ, ೨.೪ ಒಂದನ್ನೇ ಬಲ್ಲ ಪೆಟ್ಟಿಗೆ ಇನ್ನೂ ಇದ್ದರೆ ಅದಕ್ಕೆ ವಿಶ್ರಾಂತಿ ಕೊಡುವುದು ನ್ಯಾಯ. ಅಲ್ಲಿ ಮಾತ್ರ ಹೊಸದಕ್ಕೆ ಹಣ ಸುರಿಯಲು ನಮ್ಮ ಒಪ್ಪಿಗೆಯುಂಟು. ತಿಂಗಳ ಕೊನೆಯ ವಾರದಲ್ಲಿ ಮಾತ್ರ ವೇಗ ಬಿದ್ದು, ಹೊಸ ಬಿಲ್ಲಿನ ದಿನ ಎದ್ದು ಕುಳಿತರೆ ಯಂತ್ರ ನಿರಪರಾಧಿ. ಯೋಜನೆಯಲ್ಲಿ ಗೊತ್ತುಮಾಡಿದ ಡೇಟಾ ಮುಗಿದು ಕಂಪನಿಯವರೇ ವೇಗ ಇಳಿಸಿರುತ್ತಾರೆ, ಕರಾರನ್ನು ಓದಬೇಕು.

ತಂತಿಯ ಲೆಕ್ಕದಲ್ಲಿಯೇ ಕೊರತೆ ಕಂಡು, ಪೆಟ್ಟಿಗೆಯೂ ಸರಿಯಿದ್ದರೆ ಉಳಿಯುವುದು ದೂರು. ಫೋನಿನಲ್ಲಿ ಕೂಗಾಡಿ ಬಿಡಬಾರದು, ಡಾಕೆಟ್ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಬೇಕು. ಟ್ರಾಯ್ ಸಂಸ್ಥೆಯ ೨೦೧೨ರ ನಿಯಮಗಳ ಪ್ರಕಾರ ಪ್ರತಿ ದೂರಿಗೂ ಆ ಸಂಖ್ಯೆ ಕೊಡತಕ್ಕದ್ದು. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಅರ್ಜಿ ಹಾಕಬಹುದು, ಅದಕ್ಕೆ ಶುಲ್ಕವಿಲ್ಲ. ಅರ್ಜಿಯ ಜೊತೆಗೆ ಹತ್ತು ದಿನಗಳ ಆ ಗೆರೆ ಹಾಕಿದ ಪುಟದ ಒಂದು ಪ್ರತಿಯನ್ನು ಲಗತ್ತಿಸಬೇಕು. ಮೂಲವನ್ನು ಮಾತ್ರ ಮನೆಯಲ್ಲಿಯೇ ಇಟ್ಟುಕೊಳ್ಳಿರಿ.