ಸರ್ವರ್ ಬದಲಾಯಿಸುವಾಗ ಹಿಂತಿರುಗುವ ದಾರಿ

ಯೂನಿಯನ್ ಸಿಟಿಯಿಂದ ಇನ್ನೊಂದು ಸಂಚಿಕೆ.

ಇಲ್ಲಿನ ಬೇ ಬ್ರಿಡ್ಜ್ ನಿಮ್ಮಲ್ಲಿ ಹಲವರಿಗೆ ಗೊತ್ತು. ಅದರ ಪೂರ್ವಭಾಗವನ್ನು 2013ರಲ್ಲಿ ಬದಲಾಯಿಸಿದಾಗ ಸಂಚಾರ ನಿಲ್ಲಿಸಿದ್ದು ಸುಮಾರು ಐದು ದಿನ ಅಷ್ಟೇ. ವರ್ಷಗಟ್ಟಲೆ ಹಳೇ ಸೇತುವೆ ಪಕ್ಕದಲ್ಲೇ ಹೊಸದನ್ನ ಕಟ್ಟಿ, ಕೊನೆಗೆ ರಸ್ತೆ ತಿರುಗಿಸಿದ್ರು. ದೊಡ್ಡ ಡೇಟಾಬೇಸ್‌ಗಳ ಅಪ್‌ಗ್ರೇಡ್ ಕೂಡ ಹೆಚ್ಚುಕಡಿಮೆ ಹೀಗೇ. ಆದ್ರೆ ಅಲ್ಲಿ ಐದು ದಿನದ ಮಾತು ಹಾಗಿರಲಿ, ಐದು ನಿಮಿಷ ನಿಲ್ಲಿಸೋದೂ ಕಷ್ಟ.

ಸ್ಯಾನ್ ಫ್ರಾನ್ಸಿಸ್ಕೋದ ಗಿಟ್‌ಹಬ್ ಇಂಥದೊಂದು ಕೆಲಸದ ವಿವರವನ್ನು 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಮೈಎಸ್‌ಕ್ಯೂಎಲ್ 5.7ರಿಂದ 8.0ಗೆ ಹೋಗಬೇಕಿತ್ತು, ಹಳೆಯದಕ್ಕೆ ಭದ್ರತಾ ತಿದ್ದುಪಡಿಗಳು ಬರೋದು ಆ ಅಕ್ಟೋಬರ್‌ಗೆ ಮುಗಿಯೋದ್ರಲ್ಲಿತ್ತು. 1,200ಕ್ಕೂ ಹೆಚ್ಚು ಸರ್ವರ್, 300 ಟೆರಾಬೈಟ್ ಮೀರಿದ ಡೇಟಾ, ಸೆಕೆಂಡಿಗೆ 55 ಲಕ್ಷ ಕ್ವೆರಿ. ಒಂದು ವರ್ಷಕ್ಕೂ ಹೆಚ್ಚು ಹಿಡೀತು.

ನಮಗೆ ರೆಪ್ಲಿಕೇಶನ್ ಅಂದ್ರೆ ಮೊದಲು ನೆನಪಾಗೋದು ಡಿಎನ್‌ಎ. ಇಲ್ಲಿ ನಡೆಯೋದು ಬೇರೆ. ಬರೆಯುವ ಕೆಲಸವೆಲ್ಲ ಒಂದೇ ಪ್ರೈಮರಿ ಸರ್ವರ್‌ನದು. ಅದು ಪ್ರತಿ ಬದಲಾವಣೆಯನ್ನೂ ಒಂದು ದಿನಚರಿಯಲ್ಲಿ ದಾಖಲಿಸುತ್ತೆ. ರೆಪ್ಲಿಕಾಗಳು ಅದನ್ನ ಓದಿ ತಮ್ಮಲ್ಲೂ ಹಾಗೇ ಮಾಡ್ಕೊಳ್ತವೆ. ಹಾಗಾಗಿ ಮೊದಲು ರೆಪ್ಲಿಕಾಗಳನ್ನ ಒಂದೊಂದಾಗಿ 8.0ಗೆ ಏರಿಸಬಹುದು. ಒಂದನ್ನ ಪಕ್ಕಕ್ಕೆ ಸರಿಸಿದರೆ ಓದುವವರನ್ನ ಉಳಿದವು ನೋಡ್ಕೊಳ್ತವೆ. ಕೊನೆಗೆ ಹಳೇ ಪ್ರೈಮರಿಗೆ ಬರೆಯೋದನ್ನ ಕ್ಷಣಕಾಲ ತಡೆದು, ಹೊಸದು ದಿನಚರಿಯ ಕೊನೇ ಸಾಲಿನ ತನಕ ಬಂತಾ ಅಂತ ನೋಡಿ, ಪಟ್ಟ ಬದಲಾಯಿಸೋದು. ನಿಜವಾದ ವಿರಾಮ ಅಂದ್ರೆ ಅಷ್ಟೇ.

ನಮ್ಮ ಪ್ರಕಾರ ಕಠಿಣ ಭಾಗ ಇದಲ್ಲ, ವಾಪಸ್ ಬರೋದು. ಪಟ್ಟ ಬದಲಾದ ಮೇಲೆ ಹೊಸ ಬರಹವೆಲ್ಲ 8.0ರಲ್ಲಿ ಸೇರುತ್ತೆ. ಎರಡು ಗಂಟೆ ನಂತರ ಏನೋ ಕೆಟ್ಟರೆ? ಹಳೇ ಸರ್ವರ್‌ಗೆ ಮರಳಬಹುದು, ಆದರೆ ಆ ಎರಡು ಗಂಟೆಯಲ್ಲಿ ಜನ ಉಳಿಸಿದ ಕೆಲಸ ಅದರಲ್ಲಿ ಇರಲ್ಲ.

ಅದಕ್ಕೇ ಗಿಟ್‌ಹಬ್‌ನವರು ಹೊಸ ಪ್ರೈಮರಿ ಕೆಳಗೆ ಕೆಲವು 5.7 ರೆಪ್ಲಿಕಾಗಳನ್ನ ಹಾಗೇ ಉಳಿಸಿದ್ರು. ಅವು ಯಾರಿಗೂ ಉತ್ತರ ಕೊಡಲ್ಲ, ಸುಮ್ಮನೆ ದಿನಚರಿ ಓದ್ತಿರ್ತವೆ. ತೊಡಕೇನು ಅಂದ್ರೆ, ಹಳೆಯದು ಬರೆದದ್ದನ್ನ ಹೊಸದು ಓದೋದಕ್ಕೆ ಮೈಎಸ್‌ಕ್ಯೂಎಲ್‌ನ ಬೆಂಬಲ ಇದೆ, ತಿರುಗಾಮುರುಗಾ ಇಲ್ಲ. ಉದಾಹರಣೆಗೆ ಅಕ್ಷರಗಳ ವಿಂಗಡಣೆ. ನಿಘಂಟಿನಲ್ಲಿ ‘ಕ್ಷ’ವನ್ನ ‘ಕ’ದಲ್ಲೇ ಹುಡುಕಬೇಕಾ, ‘ಳ’ ಆದ್ಮೇಲಾ? ಡೇಟಾಬೇಸ್‌ಗೂ ಇಂಥ ನಿಯಮ ಬೇಕು. 8.0ರ ಡೀಫಾಲ್ಟ್ ನಿಯಮದ ಹೆಸರೇ 5.7ಗೆ ಗೊತ್ತಿಲ್ಲ, ಅದು ಎದುರಾದರೆ ರೆಪ್ಲಿಕೇಶನ್ ಮುರಿಯುತ್ತೆ. ಹಾಗಾಗಿ ಎರಡಕ್ಕೂ ಗೊತ್ತಿರುವ ನಿಯಮವನ್ನೇ ಹೊಸದರಲ್ಲೂ ಡೀಫಾಲ್ಟ್ ಮಾಡಿದ್ರು.

ಇಷ್ಟು ಜಾಗ್ರತೆ ಅತಿಯಾಯ್ತು ಅನ್ನಿಸ್ತಾ? ಪರೀಕ್ಷೆಗಳಲ್ಲಿ ಪಾಸಾಗಿದ್ದ ಕೆಲವು ಕ್ವೆರಿಗಳು ನಿಜವಾದ ಬಳಕೆಯಲ್ಲಿ ಕೈಕೊಟ್ಟವು. ಸಾವಿರಾರು ಬೆಲೆಗಳ ಉದ್ದ ಪಟ್ಟಿ ಇರುವ ಕ್ವೆರಿ ಬಂದಾಗ 8.0 ಕ್ರ್ಯಾಶ್ ಆಗ್ತಿತ್ತು. ಅಂಥವನ್ನ ತಿದ್ದಿ ಬರೀಬೇಕಾಯ್ತು. ಪ್ರತಿ ಗುಂಪಿನಲ್ಲೂ ಕನಿಷ್ಠ ಪೂರ್ತಿ 24 ಗಂಟೆಯ ಸಂಚಾರವನ್ನ ಹೊಸದು ಸರಿಯಾಗಿ ನಿಭಾಯಿಸಿದ್ದನ್ನ ನೋಡಿದ ಮೇಲೇ 5.7 ಯಂತ್ರಗಳನ್ನ ತೆಗೆದದ್ದು.